ಊರಿನ ಚರಿತ್ರೆ ಯಾರ ಬಾಯಲ್ಲಿದೆ?

ಸುಗ್ಗಿ ಮುಗಿದು ಕಣದ ಕಾಳು ಮನೆ ಸೇರಿದ ಮೇಲೆ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹೆಳವರು ಬರುತ್ತಾರೆ. ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬರುವುದು ಅವರ ಹಳೆಯ ಪದ್ಧತಿ. ಮನೆಯ ಕಟ್ಟೆ ಹಿಡಿದು ಕೂತರೆಂದರೆ ಆ ಮನೆತನದ ಮೂಲಪುರುಷ ಯಾರು, ಯಾವ ಊರಿನಿಂದ ಎದ್ದು ಬಂದ, ಬೆಡಗು ಯಾವುದು, ಮನೆದೇವರು ಯಾವುದು, ಮಕ್ಕಳೆಷ್ಟು, ಅವರಲ್ಲಿ ಯಾರು ಯಾವ ಊರಿಗೆ ಹೋಗಿ ಹೊಲ ಹಿಡಿದರು ಎಂದು ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತ ಹೇಳುತ್ತಾರೆ. ಹೋದ ಸಲ ಬಂದು ಹೋದ ಮೇಲೆ ಹುಟ್ಟಿದ ಕೂಸುಗಳ ಹೆಸರು ಕೇಳಿ ತಮ್ಮ ಪಟ್ಟಿಗೆ ಸೇರಿಸಿಕೊಳ್ಳುತ್ತಾರೆ. ಕಾಳು, ಬಟ್ಟೆ, ದುಡ್ಡು, ಅನುಕೂಲಸ್ಥರಾದರೆ ಒಂದು ಆಕಳು ಅವರಿಗೆ ಸಲ್ಲುವ ಕಾಣಿಕೆ. ಮುಂದೆ ಬರುವುದು ಕೆಲವು ವರ್ಷ ಬಿಟ್ಟು.

ಒಂದು ಸಮುದಾಯ ತನ್ನ ಹೊಟ್ಟೆಪಾಡಿಗೇ ಊರೂರಿನ ವಂಶಾವಳಿಯನ್ನು ಕಾಪಿಡುತ್ತ ಬಂದಿರುವುದು ಸಣ್ಣ ಸಂಗತಿಯಲ್ಲ. ವಿಶ್ವವಿದ್ಯಾಲಯಗಳು ಇಲ್ಲಿ ಕಣ್ಣು ಬಿಡುವ ಎಷ್ಟೋ ಮೊದಲೇ ಹಳ್ಳಿಗೆ ಅದರದೇ ಆದ ಒಬ್ಬ ದಫ್ತರದಾರನಿದ್ದ, ಅವನು ಮನೆಬಾಗಿಲಿಗೇ ಬರುತ್ತಿದ್ದ. ಆದರೆ ಹೆಳವನ ಮಾತನ್ನು ಕೇಳುವಾಗ ಅವನು ಯಾರ ಮನೆಯ ಕಟ್ಟೆಯ ಮೇಲೆ ಕೂತಿದ್ದಾನೆ ಎಂಬುದನ್ನೂ ನೋಡಬೇಕು. ಕಾಳು ಕೊಡುವ ಮನೆಯ ಕಥೆ ಅವನಿಗೆ ಗೊತ್ತು. ಕಾಳು ಕೊಡುವಷ್ಟು ಹೊಲವೇ ಇಲ್ಲದವರ ಕಥೆ ಅವನ ಪಟ್ಟಿಯಲ್ಲಿ ಸಿಗುವುದು ಕಷ್ಟ. ಹೊಗಳಿಕೆಯ ತೂಕ ಕಾಣಿಕೆಯ ತೂಕಕ್ಕೆ ತಕ್ಕಂತೆ ಹೆಚ್ಚು ಕಡಿಮೆಯಾಗುವುದೂ ಸಹಜ.

ಊರಿನ ಚರಿತ್ರೆ ಬರೆಯಲು ಹೊರಡುವವರು ಮೊದಲು ಗಟ್ಟಿ ಮಾಡಿಕೊಳ್ಳಬೇಕಾದದ್ದು ಇದನ್ನೇ. ಹಳ್ಳಿಯಲ್ಲಿ ಸಿಗುವ ಪ್ರತಿಯೊಂದು ಆಧಾರವೂ, ಅದು ಕಲ್ಲಿರಲಿ, ಕಾಗದವಿರಲಿ, ಅಜ್ಜಿಯ ನೆನಪಿರಲಿ, ಯಾರದೋ ಕೆಲಸಕ್ಕಾಗಿ ಹುಟ್ಟಿದ್ದು. ಒಂದು ಬಾಯಿ ಬಿಡದ್ದನ್ನು ಇನ್ನೊಂದರಿಂದ ಬಿಡಿಸಬೇಕು. ಅವುಗಳಲ್ಲಿ ಯಾವುದು ಮೊದಲು ಹೋಗಿಬಿಡುತ್ತದೋ ಅದನ್ನು ಮೊದಲು ಕೇಳಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಇದು ತಿರುಗುಮುರುಗು. ಯಾವ ಊರಿನ ಚರಿತ್ರೆಯ ಪುಸ್ತಕ ತೆರೆದರೂ ಮೊದಲ ಅಧ್ಯಾಯ ಪುರಾಣ, ಎರಡನೆಯದು ಶಾಸನ, ಮೂರನೆಯದು ದೇವಸ್ಥಾನ. ಊರಿನ ಜನ ಕಾಣಿಸಿಕೊಳ್ಳುವುದು ಕಡೆಯ ಪುಟಗಳಲ್ಲಿ, ಅದೂ ದಾನಿಗಳ ಫೋಟೋ ರೂಪದಲ್ಲಿ.

ಜನರನ್ನು ಕೇಳಿ ಬರೆಸುವ ಕೆಲಸ ನಮಗೆ ಹೊಸದೇನಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಸರ್ವೆಗೆ ಬಂದ ಕಾಲಿನ್ ಮೆಕೆಂಜಿ ನೆಲ ಅಳೆಯುವುದರ ಜೊತೆಗೆ ಊರೂರಿನ ಕಥೆಯನ್ನೂ ಬರೆಸಿದ. ನಿಜವಾಗಿ ಊರು ಸುತ್ತಿದವರು ಅವನ ಕೈಕೆಳಗಿನ ಇಲ್ಲಿಯವರು. ಕಾವಲಿ ವೆಂಕಟ ಬೊರ್ರಯ್ಯ ಮತ್ತು ಅವನ ತಮ್ಮ ಲಕ್ಷ್ಮಯ್ಯ ಅವರಲ್ಲಿ ಮುಖ್ಯರು. ಹೀಗೆ ಬರೆಸಿದ ವರದಿಗಳೇ ಕೈಫಿಯತ್ತುಗಳು. ಊರು ಕಟ್ಟಿದವರು ಯಾರು, ಕೆರೆ ಕಟ್ಟಿಸಿದವರು ಯಾರು, ಯಾವ ಪಾಳೆಯಗಾರ ಯಾವಾಗ ಬಂದ, ಯಾವ ದೇವರಿಗೆ ಎಷ್ಟು ಮಾನ್ಯ ಇತ್ತು, ಎಲ್ಲವೂ ಅಲ್ಲಿ ಆಡುಮಾತಿಗೆ ಹತ್ತಿರವಾದ ಕನ್ನಡದಲ್ಲೇ ಇದೆ. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’ ಸಂಪುಟವನ್ನು 1994ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿತು. ನಿಮ್ಮೂರು ಅದರಲ್ಲಿದ್ದರೆ ಅದೃಷ್ಟ.

ಆದರೆ ಅಲ್ಲಿಯೂ ಹೆಳವನ ಕಟ್ಟೆಯ ಸಮಸ್ಯೆಯೇ. ಮೆಕೆಂಜಿಯ ಕಡೆಯವರು ಊರಿಗೆ ಬಂದಾಗ ಎದ್ದು ನಿಂತು ಉತ್ತರ ಕೊಟ್ಟವರು ಗೌಡರು, ಶಾನುಭೋಗರು, ಅರ್ಚಕರು. ಕಂಪನಿ ಸರ್ಕಾರದ ಮನುಷ್ಯ ದಫ್ತರ ಹಿಡಿದು ಕೇಳುತ್ತಿರುವಾಗ ನಮ್ಮ ಇನಾಂ ಜಮೀನು ಹಳೆಯ ಕಾಲದ್ದು, ಇಂಥ ರಾಜರೇ ಕೊಟ್ಟದ್ದು ಎಂದು ಹೇಳುವುದರಲ್ಲಿ ಯಾರಿಗೆ ಲಾಭವಿತ್ತೆಂದು ಬಿಡಿಸಿ ಹೇಳಬೇಕಿಲ್ಲ. ಹಾಗೆಂದು ಕೈಫಿಯತ್ತನ್ನು ಸುಳ್ಳೆಂದು ತಳ್ಳುವಂತಿಲ್ಲ. 1800ರ ಸುಮಾರಿಗೆ ಆ ಊರಿನ ಗಣ್ಯರು ತಮ್ಮ ಊರನ್ನು ಹೇಗೆ ನೆನೆಯಲು ಬಯಸಿದ್ದರು ಎಂಬುದಕ್ಕೆ ಅದರಷ್ಟು ಒಳ್ಳೆಯ ಸಾಕ್ಷಿ ಬೇರೆ ಇಲ್ಲ.

ಇನ್ನು ಕಲ್ಲಿನ ಮಾತು. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ 1886ರಿಂದ ಸುಮಾರು ಇಪ್ಪತ್ತು ವರ್ಷ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡು ಸಂಪುಟಗಳನ್ನು ಹೊರತಂದರು. ಹಳೆ ಮೈಸೂರು ಮತ್ತು ಕೊಡಗಿನ ಒಂಬತ್ತು ಸಾವಿರದಷ್ಟು ಶಾಸನಗಳು ಅವುಗಳಲ್ಲಿವೆ. ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಕೊಟ್ಟಿರುವುದರಿಂದ ತಾಲ್ಲೂಕು ಹಿಡಿದು ಹೋದರೆ ಊರು ಸಿಗುತ್ತದೆ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಇದರ ಪರಿಷ್ಕೃತ ಸಂಪುಟಗಳನ್ನು ತರುತ್ತ ಬಂತು. ಉತ್ತರದ ಜಿಲ್ಲೆಗಳವರು ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ, ಹಂಪಿ ವಿಶ್ವವಿದ್ಯಾಲಯದ ಶಾಸನ ಸಂಪುಟಗಳನ್ನು ನೋಡಬಹುದು. ಊರಿನ ಚರಿತ್ರೆಗೆ ಕೈಹಾಕುವವರು ಜಿಲ್ಲಾ ಗ್ರಂಥಾಲಯದಲ್ಲಿ ಒಂದು ಮಧ್ಯಾಹ್ನ ಕಳೆದರೆ ಈ ಕೆಲಸ ಆಗುತ್ತದೆ.

ಆಗದ ಕೆಲಸ ಇರುವುದು ಊರಿನೊಳಗೆ. ಸಂಪುಟದಲ್ಲಿ ಅಚ್ಚಾದ ಕಲ್ಲು ನೂರು ವರ್ಷದ ಹಿಂದೆ ಇದ್ದ ಜಾಗದಲ್ಲಿ ಈಗ ಇರುತ್ತದೆಂಬ ಭರವಸೆಯಿಲ್ಲ. ಯಾರದೋ ಹಟ್ಟಿಯ ಮೆಟ್ಟಿಲಾಗಿರಬಹುದು, ಕೆರೆಯ ತೂಬಿಗೆ ಆನಿಸಿದ ಚಪ್ಪಡಿಯಾಗಿರಬಹುದು, ಇಲ್ಲವೇ ಸುಣ್ಣ ಬಳಿದು ಕುಂಕುಮ ಮೆತ್ತಿ ಮಾಸ್ತಮ್ಮನಾಗಿ ಪೂಜೆ ಮಾಡಿಸಿಕೊಳ್ಳುತ್ತಿರಬಹುದು. ಈ ಕೊನೆಯದು ಕಲ್ಲಿನ ಮಟ್ಟಿಗೆ ಒಳ್ಳೆಯ ಗತಿ ಎನ್ನುವುದು ನನ್ನ ಅಭಿಪ್ರಾಯ. ದೇವರಾದ ಕಲ್ಲನ್ನು ಜೆಸಿಬಿಯವನೂ ಮುಟ್ಟುವುದಿಲ್ಲ. ವೀರಗಲ್ಲಿನ ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ವೀರ. ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟು ಮೇಲೆತ್ತಿದ ಕೈ. ಇಷ್ಟು ಗುರುತು ಗೊತ್ತಿದ್ದರೆ ಯಾವ ಡಿಗ್ರಿಯೂ ಇಲ್ಲದೆ ಊರಿನ ಕಲ್ಲುಗಳನ್ನು ಪಟ್ಟಿ ಮಾಡಬಹುದು. ದನ ಹೊಡೆದುಕೊಂಡು ಹೋದವರನ್ನು ಅಟ್ಟಿಸಿಕೊಂಡು ಹೋಗಿ ಸತ್ತವರು, ಊರು ಸುಡಲು ಬಂದವರನ್ನು ತಡೆದು ಸತ್ತವರು, ಹೆಂಗಸರ ಮಾನ ಕಾಯಲು ಹೋಗಿ ಸತ್ತವರು: ವೀರಗಲ್ಲುಗಳಲ್ಲಿ ಬಹುಪಾಲು ಇಂಥವರೇ. ರಾಜನ ಹೆಸರು ಬರುವುದು ಕಾಲ ಹೇಳುವುದಕ್ಕೆ, ಕಥೆ ಊರಿನವನದು.

2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಚರಂಡಿಗೆಂದು ಅಗೆಯುವಾಗ ಅಂಥದೊಂದು ಕಲ್ಲು ಮೇಲೆ ಬಂತು. ಕ್ರಿ.ಶ. 750ರ ಸುಮಾರಿನದು, ಗಂಗರ ಶ್ರೀಪುರುಷನ ಕಾಲದ್ದು. ಊರಿನ ಮೇಲೆ ಬಂದವರೊಡನೆ ಕಾದಿ ಸತ್ತ ಕಿತ್ತಯ್ಯ ಎಂಬುವನ ಕಲ್ಲು. ಆಗ ಹೆಬ್ಬಾಳ ಬೆಂಗಳೂರಿನ ಬಡಾವಣೆಯಾಗಿರಲಿಲ್ಲ, ತನ್ನದೇ ಒಂದು ನಾಡಿಗೆ ಹೆಸರು ಕೊಟ್ಟ ಊರಾಗಿತ್ತು. ಕಲ್ಲಿನ ಸುದ್ದಿ ಹಬ್ಬಿದ ಮೇಲೆ ಆಸಕ್ತರೂ ಸ್ಥಳೀಯರೂ ಸೇರಿ ಅದಕ್ಕೊಂದು ಮಂಟಪ ಕಟ್ಟಿದರು. 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿ ಈಗ ಬೆಂಗಳೂರು ಸುತ್ತಿನ ಶಾಸನಗಳನ್ನೆಲ್ಲ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಇಡುತ್ತಿದೆ. ಮೊದಲಾದರೆ ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ಅಚ್ಚು ತೆಗೆಯಬೇಕಿತ್ತು. ಸವೆದು ಕಣ್ಣಿಗೆ ಕಾಣದ ಅಕ್ಷರವೂ ಸ್ಕ್ಯಾನಿನಲ್ಲಿ ಸಿಗುತ್ತದೆ. ಹಳ್ಳಿಯ ಹುಡುಗರಿಗೆ ಅಂಥ ಯಂತ್ರ ಎಲ್ಲಿಂದ ಬರಬೇಕು? ಬೇಡವೂ ಬೇಡ. ಬೆಳಗಿನ ಓರೆ ಬಿಸಿಲಿನಲ್ಲಿ ಮೊಬೈಲಿನಿಂದ ನಾಲ್ಕು ಕಡೆಯಿಂದ ಫೋಟೋ ತೆಗೆದು, ಜಾಗದ ಗುರುತು ಬರೆದುಕೊಂಡು ತಿಳಿದವರಿಗೆ ಕಳಿಸಿದರೆ ಸಾಕು. ಸುಣ್ಣ ಬಳಿದಿದ್ದರೆ ಕೆರೆದು ತೆಗೆಯುವ ಉತ್ಸಾಹ ಮಾತ್ರ ಖಂಡಿತ ಬೇಡ.

ಕಲ್ಲು ಸಾವಿರ ವರ್ಷ ಕಾದಿದೆ, ಇನ್ನೂ ಹತ್ತು ವರ್ಷ ಕಾಯಬಲ್ಲದು. ಕಾಗದಕ್ಕೆ ಅಷ್ಟು ತಾಳ್ಮೆಯಿಲ್ಲ. ಹಿಂದೆ ಶಾನುಭೋಗರ ಮನೆಗಳಲ್ಲಿ ಕಡತಗಳಿದ್ದವು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದು ಗಟ್ಟಿಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಕಪ್ಪು ಪುಸ್ತಕ. ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಪಟೇಲರೂ ಶಾನುಭೋಗರೂ ಹೋದರು. ಸರ್ಕಾರಕ್ಕೆ ಬೇಕಾದ ದಾಖಲೆ ತಾಲ್ಲೂಕು ಕಚೇರಿಗೆ ಹೋಯಿತು, ಬೇಡವಾದದ್ದು ಮನೆಯ ಅಟ್ಟದ ಮೇಲೆ ಉಳಿಯಿತು. ಆ ಅಟ್ಟಗಳಲ್ಲಿ ಎಷ್ಟು ಉಳಿದಿವೆಯೆಂಬುದು ಗೆದ್ದಲಿಗೆ ಗೊತ್ತು. ಹಳೆಯ ಮನೆ ಕೆಡವಿ ಆರ್‌ಸಿಸಿ ಹಾಕಿಸುವವರ ಮನೆಗೆ, ಕೆಡವುವ ಹಿಂದಿನ ವಾರವೇ ಹೋಗುವುದು ಲೇಸು.

ತಾಲ್ಲೂಕು ಕಚೇರಿಯಲ್ಲೂ ಊರಿನ ಕಥೆಯಿದೆ, ನೀರಸ ವೇಷದಲ್ಲಿ. ಗ್ರಾಮನಕ್ಷೆ, ಟಿಪ್ಪಣಿ, ಆಕಾರಬಂದು ತೆಗೆದು ನೋಡಿದರೆ ಕೆರೆಯಂಗಳ ಎಲ್ಲಿತ್ತು, ಬಂಡಿದಾರಿ ಎಲ್ಲಿ ಹಾಯುತ್ತಿತ್ತು, ತಳವಾರಿಕೆಗೆ ಎಷ್ಟು ಜಮೀನು ಬಿಟ್ಟಿದ್ದರು ಎಂಬುದು ತಿಳಿಯುತ್ತದೆ. ಪಟ್ಟಿಯಲ್ಲಿ ಹೆಸರಿದ್ದು ಮನುಷ್ಯರಿಲ್ಲದ ಊರುಗಳಿರುತ್ತವೆ. ಅವು ಬೇಚಿರಾಕ್ ಗ್ರಾಮಗಳು. ಊರು ಯಾಕೆ ಹಾಳುಬಿತ್ತೆಂದು ಕಂದಾಯ ಇಲಾಖೆಯ ಪುಸ್ತಕ ಹೇಳುವುದಿಲ್ಲ. ಪಕ್ಕದೂರಿನವರು ಹೇಳುತ್ತಾರೆ: ಪ್ಲೇಗು ಬಂತು, ಬಾವಿ ಬತ್ತಿತು, ಕಳ್ಳರ ಕಾಟ, ದೇವರ ಶಾಪ. ನಾಲ್ವರು ನಾಲ್ಕು ಹೇಳಿದರೆ ನಾಲ್ಕನ್ನೂ ಬರೆದುಕೊಳ್ಳಬೇಕು. ಆ ಹಾಳೂರಿನ ದೇವರಿಗೆ ವರ್ಷಕ್ಕೊಮ್ಮೆ ಎಡೆ ಹಿಡಿಯಲು ಈಗಲೂ ಯಾವ ಊರಿನ ಯಾವ ಮನೆಯವರು ಬರುತ್ತಾರೆ ಎಂದು ಕೇಳಿದರೆ, ಎದ್ದುಹೋದವರು ಎಲ್ಲಿಗೆ ಹೋದರೆಂಬುದು ಎಷ್ಟೋ ಸಲ ತಾನಾಗಿ ಹೊರಬೀಳುತ್ತದೆ. ಸರ್ವೆ ನಂಬರು ಬರುವ ಮುಂಚೆ ಹೊಲಗಳಿಗೆ ಹೆಸರುಗಳಿದ್ದವು. ಅವು ಯಜಮಾನರಿಗಿಂತ ಕಳೆ ಕೀಳಲು ಹೋಗುವ ಹೆಂಗಸರಿಗೆ ಚೆನ್ನಾಗಿ ಗೊತ್ತು. ಕೂಲಿಗೆ ಹೊರಡುವಾಗ ಅವರು ಹೇಳುವುದು ಹೊಲದ ಹೆಸರನ್ನೇ.

ಜನರ ನೆನಪಿನಲ್ಲಿ ತಾರೀಕು ಇರುವುದಿಲ್ಲ ಎಂಬುದು ದೊಡ್ಡ ಆಕ್ಷೇಪ. ತಾರೀಕು ಇಲ್ಲ, ಕಾಲ ಇದೆ. 1876ರಿಂದ 78ರವರೆಗಿನ ಮಹಾಕ್ಷಾಮ ಮೈಸೂರು ಸೀಮೆಯವರ ಬಾಯಲ್ಲಿ ಧಾತು ಸಂವತ್ಸರದ ಬರ. ಅದಕ್ಕೂ ಹಿಂದೆ 1791-92ರಲ್ಲಿ ಬಂದು ಹೋದದ್ದು ಉತ್ತರದವರಿಗೆ ಡೋಗಿ ಬರ. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುವುದರಿಂದ, ಯಾವ ಸುತ್ತಿನದು ಎಂದು ತಲೆಮಾರು ಎಣಿಸಿ ನೋಡಬೇಕಷ್ಟೆ. 1918ರ ಇನ್‌ಫ್ಲುಯೆಂಜಾ, ಯುದ್ಧಕಾಲದ ಕಂಟ್ರೋಲು, ಗಾಂಧಿ ಸತ್ತದ್ದು, ಊರಿಗೆ ಕರೆಂಟು ಬಂದದ್ದು, ಕೆರೆ ಒಡೆದದ್ದು, ಇವು ಮೊಳೆಗಳು. ನಿಮ್ಮ ವಯಸ್ಸೆಷ್ಟು ಎಂದು ಕೇಳಿದರೆ ಎಂಬತ್ತೋ ತೊಂಬತ್ತೋ ಎನ್ನುವ ಅಜ್ಜಿ, ಗಾಂಧಿ ಸತ್ತಾಗ ನೀವು ಎಷ್ಟು ದೊಡ್ಡವರು ಎಂದು ಕೇಳಿದರೆ ಅಂಗೈಯಿಂದ ಎತ್ತರ ತೋರಿಸುತ್ತಾಳೆ. ಅದು ಸಾಕು.

ಈ ಮೊಳೆಗಳಲ್ಲಿ ಒಂದನ್ನು ಊರಿನ ಚರಿತ್ರೆ ಬರೆಯುವವರು ಬೇಕೆಂದೇ ಬಿಟ್ಟುಬಿಡುತ್ತಾರೆ. ಅದು 1974ರ ಭೂಸುಧಾರಣೆ. ಆ ವರ್ಷದ ಮಾರ್ಚ್ 1ರಂದು ಜಾರಿಗೆ ಬಂದ ತಿದ್ದುಪಡಿಯಿಂದ ಗೇಣಿ ಪದ್ಧತಿ ಕೊನೆಗೊಂಡು, ಉಳುವವರು ಏಳನೇ ನಂಬರಿನ ಫಾರಂ ತುಂಬಿ ಭೂ ನ್ಯಾಯಮಂಡಳಿಗೆ ಹಾಕಬೇಕಾಯಿತು. ಮಲೆನಾಡು ಕರಾವಳಿಯ ಎಷ್ಟೋ ಊರುಗಳ ಹಣೆಬರಹ ಬದಲಿಸಿದ್ದು ಯಾವ ರಾಜನ ಯುದ್ಧವೂ ಅಲ್ಲ, ಈ ಫಾರಂ. ಯಾರು ಧೈರ್ಯ ಮಾಡಿ ಅರ್ಜಿ ಹಾಕಿದರು, ಯಾರು ಒಡೆಯರ ಮುಖ ನೋಡಿ ಸುಮ್ಮನಾದರು, ಯಾರ ಅರ್ಜಿಯನ್ನು ಬೆದರಿಸಿ ವಾಪಸು ತೆಗೆಸಿದರು, ಯಾವ ಒಡೆಯರ ಮನೆ ಅದರಿಂದ ಅನ್ನಕ್ಕೂ ತತ್ವಾರಪಟ್ಟಿತು. ಎರಡೂ ಕಡೆಯ ಮನೆಗಳು ಈಗಲೂ ಎದುರುಬದುರಾಗಿ ಇವೆ, ಆದ್ದರಿಂದಲೇ ಬರೆಯುವವರಿಗೆ ಮುಜುಗರ. ನ್ಯಾಯಮಂಡಳಿಯ ಕಡತದಲ್ಲಿ ತೀರ್ಪು ಸಿಗುತ್ತದೆ, ಆ ದಿನಗಳ ಭಯ ಸಿಗುವುದಿಲ್ಲ. ಆಗ ಇಪ್ಪತ್ತೈದರ ಪ್ರಾಯದಲ್ಲಿ ಅರ್ಜಿ ಬರೆಸಲು ಹೋದವರಿಗೆ ಈಗ ಎಪ್ಪತ್ತೈದು ದಾಟಿದೆ. ಐದು ನೂರು ವರ್ಷದ ಹಿಂದಿನ ದಾನಶಾಸನಕ್ಕೆ ತೋರುವ ಆಸ್ಥೆಯಲ್ಲಿ ಕಾಲು ಭಾಗ ಇದಕ್ಕೆ ಸಿಕ್ಕಿದ್ದರೂ ನಮ್ಮ ಹಳ್ಳಿಗಳ ಚರಿತ್ರೆ ಬೇರೆಯೇ ಆಗಿರುತ್ತಿತ್ತು.

ದಾಖಲೆ ಮತ್ತು ನೆನಪು ಎದುರುಬದುರು ನಿಲ್ಲುವುದನ್ನು ನೋಡಬೇಕಾದರೆ ಶಿಕಾರಿಪುರ ತಾಲ್ಲೂಕಿನ ಈಸೂರಿನ ಕಥೆ ಇದೆ. 1942ರ ಸೆಪ್ಟೆಂಬರಿನಲ್ಲಿ ಆ ಊರು ತಾನು ಸ್ವತಂತ್ರವೆಂದು ಸಾರಿಕೊಂಡಿತು. ದೊಡ್ಡವರನ್ನು ಹಿಡಿದು ಜೈಲಿಗೆ ಹಾಕಿಯಾರೆಂದು ಇಬ್ಬರು ಹುಡುಗರನ್ನೇ ಅಮಲ್ದಾರ, ಸಬ್‌ಇನ್‌ಸ್ಪೆಕ್ಟರ್ ಎಂದು ನೇಮಿಸಿತು. ಕಂದಾಯ ಕೊಡುವುದಿಲ್ಲವೆಂದಿತು. ನಿಜವಾದ ಅಮಲ್ದಾರರು ಪೊಲೀಸರೊಂದಿಗೆ ಬಂದಾಗ ನಡೆದ ಘರ್ಷಣೆಯಲ್ಲಿ ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರರೂ ಸತ್ತರು. ಆಮೇಲೆ ಸರ್ಕಾರದ ದಂಡು ಊರನ್ನು ಸೂರೆ ಮಾಡಿತು, ಜನ ಕಾಡು ಸೇರಿದರು. 1943ರ ಮಾರ್ಚಿನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಗಲ್ಲಿಗೇರಿಸಿದರು. ಹೆಂಗಸರಿಗೂ ಜೀವಾವಧಿ ಶಿಕ್ಷೆಯಾಯಿತು.

ಕೋರ್ಟಿನ ದಾಖಲೆಯ ಮಟ್ಟಿಗೆ ಇದು ಸರ್ಕಾರಿ ನೌಕರರ ಕೊಲೆ ಪ್ರಕರಣ. ನಮ್ಮ ಪಠ್ಯಪುಸ್ತಕದ ಮಟ್ಟಿಗೆ ಇದು ಹುತಾತ್ಮರ ಕಥೆ. ಎರಡರಲ್ಲೂ ಹೆಸರಿರುವುದು ಕೆಲವರದು. ಉಳಿದ ಇಡೀ ಊರು ಕಾಡಿನಲ್ಲಿ ಹೇಗೆ ದಿನ ತಳ್ಳಿತು, ಬಸುರಿಯರು ಬಾಣಂತಿಯರು ಏನಾದರು, ಯಾವ ನೆಂಟರು ಬಾಗಿಲು ತೆರೆದರು, ಯಾರು ತೆರೆಯಲಿಲ್ಲ, ಗದ್ದೆಯಲ್ಲಿದ್ದ ಬೆಳೆ ಯಾರ ಪಾಲಾಯಿತು? ಇವನ್ನು ಕೋರ್ಟು ಕೇಳಲಿಲ್ಲ, ಕೇಳುವ ಕಾರಣವೂ ಇರಲಿಲ್ಲ. ಇವೆಲ್ಲ ಇದ್ದದ್ದು ಮನೆಮನೆಯ ಮಾತಿನಲ್ಲಿ. ಆಗ ಹತ್ತು ವರ್ಷದ ಮಕ್ಕಳಾಗಿದ್ದವರಿಗೆ ಈಗ ತೊಂಬತ್ತು ದಾಟಿದೆ. ಈಸೂರಿನಂಥ ಹೆಸರುವಾಸಿ ಊರಿನ ಪಾಡೇ ಹೀಗಿರುವಾಗ, ಲಿಂಗನಮಕ್ಕಿಯ ಹಿನ್ನೀರಿನಲ್ಲಿ 1960ರ ದಶಕದಲ್ಲಿ ಮುಳುಗಿದ ಹಳ್ಳಿಗಳ ಪಾಡನ್ನು ಯೋಚಿಸಬೇಕು. ಅಲ್ಲಿ ಕೇಳಲು ಕಲ್ಲೂ ಇಲ್ಲ, ಕಟ್ಟೆಯೂ ಇಲ್ಲ. ಚದುರಿಹೋದ ಮನೆಗಳ ಹಿರಿಯರೇ ಆ ಊರುಗಳ ನಕ್ಷೆ.

ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿರುವ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಜಿಲ್ಲಾವಾರು ಗ್ರಾಮಚರಿತ್ರೆ ಕೋಶ ತರುವ ಕೆಲಸಕ್ಕೆ ಕೈಹಾಕಿದ್ದು ಮೆಚ್ಚಬೇಕಾದ ಸಂಗತಿ. ಆದರೆ ರಾಜ್ಯದ ಅಷ್ಟೂ ಹಳ್ಳಿಗಳನ್ನು ಹಿಡಿಸಬೇಕಾದ ಕೋಶದಲ್ಲಿ ಒಂದೊಂದು ಊರಿಗೆ ಸಿಗುವ ಜಾಗ ಚಿಕ್ಕದು. ಉಳಿದದ್ದನ್ನು ಆಯಾ ಊರಿನವರೇ ಮಾಡಿಕೊಳ್ಳಬೇಕು. ಅದಕ್ಕೆ ಬೇಕಾದ ಸಲಕರಣೆ ಎಲ್ಲರ ಜೇಬಿನಲ್ಲೂ ಇದೆ. ಮೊಬೈಲನ್ನು ಫ್ಲೈಟ್ ಮೋಡಿಗೆ ಹಾಕಿ, ಫ್ಯಾನು ಆರಿಸಿ, ಒಬ್ಬರನ್ನೇ ಕೂರಿಸಿಕೊಂಡು ಕೇಳಬೇಕು. ನಾಲ್ಕು ಜನ ಕೂತರೆ ದೊಡ್ಡ ದನಿಯವನ ಕಥೆಯೇ ಊರಿನ ಕಥೆಯಾಗಿಬಿಡುತ್ತದೆ. ಸೊಸೆಯ ಮುಂದೆ ಅತ್ತೆ, ಮಗನ ಮುಂದೆ ಅಪ್ಪ ಎಲ್ಲವನ್ನೂ ಹೇಳುವುದಿಲ್ಲ. ರೆಕಾರ್ಡಿಂಗಿನ ಮೊದಲಿಗೇ ಹೇಳುತ್ತಿರುವವರ ಹೆಸರು, ಊರು, ದಿನ, ಅವರ ಒಪ್ಪಿಗೆ ಅವರದೇ ದನಿಯಲ್ಲಿ ಇರಲಿ. ನಮ್ಮ ಊರಿನ ಇತಿಹಾಸ ಹೇಳಿ ಎಂದರೆ ನನಗೇನು ಗೊತ್ತು, ಗೌಡರನ್ನು ಕೇಳಿ ಎನ್ನುತ್ತಾರೆ. ನೀವು ಮದುವೆಯಾಗಿ ಬಂದಾಗ ನೀರು ಎಲ್ಲಿಂದ ತರುತ್ತಿದ್ದಿರಿ ಎಂದು ಶುರುಮಾಡಿದರೆ, ಯಾವ ಬಾವಿಗೆ ಯಾರು ಹೋಗುವಂತಿತ್ತು, ಯಾರು ಹೋಗುವಂತಿರಲಿಲ್ಲ ಎಂಬಲ್ಲಿಗೆ ಮಾತು ಐದೇ ನಿಮಿಷದಲ್ಲಿ ಬಂದು ನಿಲ್ಲುತ್ತದೆ. ಊರಿನ ಚರಿತ್ರೆ ಅದೇ. ಗುಡಿಯ ಒಳಗಿನವರನ್ನು ಕೇಳುವ ಪ್ರಶ್ನೆಯನ್ನೇ ಗುಡಿಯ ಹೊರಗೆ ನಿಲ್ಲಬೇಕಾಗಿದ್ದವರನ್ನೂ ಕೇಳಬೇಕು, ಅವರ ಕೇರಿಗೆ ಹೋಗಿ ಕೇಳಬೇಕು.

ಬರೆದದ್ದೆಲ್ಲ ಅಚ್ಚಾಗಬೇಕೆಂದಿಲ್ಲ. ಜಮೀನು ವ್ಯಾಜ್ಯ, ಜಾತಿ ಜಗಳ, ಯಾರದೋ ಮನೆಯ ಹೆಣ್ಣುಮಗಳ ಕಥೆ ಇವನ್ನು ಹೇಳಿದವರು ಸದ್ಯಕ್ಕೆ ಬೇಡ ಎಂದರೆ ಬೇಡ. ಆದರೆ ಅಳಿಸಬಾರದು, ಮುಚ್ಚಿಡಬೇಕು. ಎಲ್ಲಿ ಇಡಬೇಕು ಎಂಬ ಪ್ರಶ್ನೆಗೆ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ಪ್ರಸಂಗ ನೆನಪಾಗುತ್ತದೆ. ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ 1948ರಲ್ಲಿ ಇದ್ದು, ಅದಕ್ಕೆ ರಾಂಪುರವೆಂಬ ಮರೆಹೆಸರಿಟ್ಟು, ವರ್ಷಗಟ್ಟಲೆ ಜೋಡಿಸಿದ ಟಿಪ್ಪಣಿಗಳನ್ನು ಅವರು ಅಮೆರಿಕದ ಸ್ಟ್ಯಾನ್‌ಫರ್ಡಿಗೆ ಒಯ್ದಿದ್ದರು. 1970ರ ಏಪ್ರಿಲಿನಲ್ಲಿ ಅಲ್ಲಿ ಕಿಡಿಗೇಡಿಗಳು ಬೆಂಕಿ ಹಚ್ಚಿದಾಗ ಟಿಪ್ಪಣಿಗಳ ಮೂರೂ ಪ್ರತಿಗಳು ಒಟ್ಟಿಗೇ ಸುಟ್ಟವು. ಆಮೇಲೆ ನೆನಪಿನಿಂದಲೇ ಬರೆದು 1976ರಲ್ಲಿ ಪ್ರಕಟಿಸಿದ ‘ದಿ ರಿಮೆಂಬರ್ಡ್ ವಿಲೇಜ್’ ಸಮಾಜಶಾಸ್ತ್ರದಲ್ಲಿ ದೊಡ್ಡ ಹೆಸರು ಮಾಡಿತು. ಅದು ಶ್ರೀನಿವಾಸರ ಪ್ರತಿಭೆ. ನಾವು ಗಮನಿಸಬೇಕಾದದ್ದು, ಮೂರು ಪ್ರತಿಗಳೂ ಒಂದೇ ಕೋಣೆಯಲ್ಲಿದ್ದವು ಎಂಬುದು. ಹಾಗಾಗಿ ಒಂದು ಪ್ರತಿ ಊರಿನ ಶಾಲೆಯಲ್ಲಿ, ಒಂದು ಊರು ಬಿಟ್ಟು ಬೆಂಗಳೂರಿಗೋ ಪುಣೆಗೋ ಹೋದವರ ಬಳಿ, ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಇರಲಿ. ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದೇವಲ್ಲ ಎಂಬ ಧೈರ್ಯ ಸಾಲದು. ಮುಂದಿನ ಮೊಬೈಲ್ ಕೊಳ್ಳುವವರೆಗೆ ಮಾತ್ರ ಅದರ ಆಯಸ್ಸು.

ದುಡ್ಡಿನ ಚಿಂತೆ ಬೇಡ. ಪ್ರತಿ ಊರಿನಲ್ಲೂ ದೇವಸ್ಥಾನದ ಜೀರ್ಣೋದ್ಧಾರಕ್ಕೋ ಶಾಲೆಯ ಶತಮಾನೋತ್ಸವಕ್ಕೋ ಒಂದು ಸ್ಮರಣ ಸಂಚಿಕೆ ಬಂದೇ ಬರುತ್ತದೆ. ಶಾಸಕರ ಶುಭಾಶಯ, ಸಮಿತಿಯವರ ಫೋಟೋ, ಸಿಮೆಂಟಿನ ಅಂಗಡಿಯ ಜಾಹೀರಾತು ಇವೆಲ್ಲ ಇರಲಿ, ಅಚ್ಚಿನ ಖರ್ಚು ಅವುಗಳಿಂದಲೇ ಹುಟ್ಟಬೇಕು. ಅಧ್ಯಕ್ಷರನ್ನು ಈಗಲೇ ಕಂಡು ಹಿಂದಿನ ನಲವತ್ತು ಪುಟ ಕೇಳಿಟ್ಟುಕೊಳ್ಳಿ.